ಹುಳಿ ನೋಡುವ ಕಾಗದ

ಬಳ್ಳಾರಿ ಬೈಪಾಸಿನಾಚೆ, ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ
ನನ್ನ ಕೆಲಸ ಡ್ರಮ್ಮಿನ ನೀರಿಗೆ ಚೂರು ಕಾಗದ ಅದ್ದಿ
ಬಣ್ಣ ಓದುವುದು.
ಕೆಂಪಾದರೆ ಹುಳಿ, ನೀಲಿಯಾದರೆ ಚೌಳು,
ನಡುವೆ ಏಳು, ಎಳೆ ಬಾಳೆಲೆಯ ಹಸಿರು,
ಯಾವ ಕಡೆಗೂ ಸೇರದ ನೀರು.
ಐದಕ್ಕೆ ಬರುವ ಮುಂಚೆ ಎಂಜೈಮ್ ಸುರಿದರೆ
ನೂರು ಪ್ಯಾಂಟು ಹಾಳು, ನನ್ನ ವಾರದ ಕೂಲಿ ಖೋತಾ.
"ಒಂದಂಕಿ ಇಳಿದ್ರ ಹುಳಿ ಹತ್ತು ಪಟ್ಟು, ನೆಪ್ಪಿರ್ಲಿ"
ಎಂದು ಕಲಿಸಿದವನು ಶೇಕ್ಷಾವಲಿ.
ಬ್ಲೀಚಿಗೆ ಬೆರಳಚ್ಚು ಅಳಿಸಿಹೋಗಿ
ರೇಷನ್ ಅಂಗಡಿಯ ಮಷೀನು ಅವನನ್ನು ಗುರುತಿಸುವುದಿಲ್ಲ.

ಮನೆಯಲ್ಲಿ ಈ ಕೆಲಸ ಅತ್ತೆಯ ನಾಲಗೆಯದು.
ಹದಿನಾಲ್ಕು ವರ್ಷ,
ಕೌಲ್ ಬಜಾರಿನ ಒಂದೂವರೆ ಕೋಣೆಯಲ್ಲಿ,
ಸೌಟಿನಿಂದ ಅಂಗೈಗೆ ಒಂದು ಹನಿ, ಅಂಗೈಯಿಂದ ತುಟಿಗೆ,
ಆಮೇಲೆ ತೀರ್ಪು:
"ಹುಣಸಿಹಣ್ಣು ನಿಮ್ಮಪ್ಪ ಕಳಿಸ್ಯಾನೇನು?"
ಇಲ್ಲವೆ, "ಇದು ಸಾರಲ್ಲ, ಪಾತ್ರಿ ತೊಳದ ನೀರು."
ಹುಳಿ ಹೆಚ್ಚಲಿ ತಗ್ಗಲಿ, ತಪ್ಪು ಮಾತ್ರ ನನ್ನದೇ.

ಹೋದ ಚಳಿಗಾಲ ಜ್ವರ ಇಳಿಯುವಾಗ
ರುಚಿಯೂ ಅದರ ಹಿಂದೆಯೇ ಇಳಿದು ಹೋಯಿತು.
ಪುಂಡಿಪಲ್ಲೆ ಉಂಡು ಎರ್ರೆಮ್ಮ ಏನೂ ಅನ್ನಲಿಲ್ಲ.
ಮರುದಿನವೂ ಅನ್ನಲಿಲ್ಲ.
ಬೈಗುಳವಿಲ್ಲದ ಅಡುಗೆಮನೆ
ದೇವರಾಣೆ, ಹಿತವಾಗಿತ್ತು.
ಒಂಬತ್ತು ದಿನ.
ಹತ್ತನೆಯ ದಿನ ಕಂಡೆ: ಹಿತ್ತಲ ಬಾಗಿಲಲ್ಲಿ ನಿಂತು
ಎಳೆ ಹುಣಸೆಕಾಯಿ ಕಚ್ಚುತ್ತಿದ್ದಾಳೆ,
ಮುಖ ಒಂದಿಷ್ಟೂ ಕಿವುಚದೆ,
ಬೆಂಡಿನ ತುಂಡು ಅಗಿದಂತೆ.

ಅವತ್ತು ಕುಪ್ಪಸದೊಳಗೆ ಮಡಿಸಿ ತಂದೆ
ಒಂದು ಕಟ್ಟು ಚೀಟಿ, ಬಣ್ಣದ ಪಟ್ಟಿಯ ಸಮೇತ.
ಕಳವು ಎಂದರೆ ಕಳವು.

ಸಾರಿಗೆ ಅದ್ದಿದೆವು: ನಾಲ್ಕು.
ಚಹಾ ಐದೋ ಆರೋ ಎಂದು ಅನುಮಾನಿಸಿತು.
ಬೋರಿನ ನೀರು ಎಂಟು. "ನಾ ಅಂದಿದ್ನಿಲ್ಲ? ಚೌಳು!"
ಹಳೆಯ ದಾವೆ ಗೆದ್ದವಳಂತೆ ಅವಳು.
ಎಲೆಗೆ ಸವರುವ ಸುಣ್ಣ ಮುಟ್ಟಿದ್ದೇ
ಕಾಗದಕ್ಕೆ ಅಮಾವಾಸ್ಯೆ ಕವಿಯಿತು.

ಮರುದಿನದಿಂದ ನ್ಯಾಯಸ್ಥಾನ ಮತ್ತೆ ತೆರೆಯಿತು.
ಕನ್ನಡಕ ಏರಿಸಿ, ಚೀಟಿಯನ್ನು ಬೆಳಕಿಗೆ ಹಿಡಿದು:
"ನಾಕು ಆಗೇತಿ. ಮೂರಕ್ಕ ತಾ."
"ಮೂರು ಅಂದ್ರ ಹತ್ತು ಪಟ್ಟು, ಅತ್ತಿ!"
"ನಿನ್ನ ಕಾಗದ ನನಗ ಹುಳಿ ಕಲಿಸ್ತೈತೇನು?"
ಉಪ್ಪಿಗೆ ಚೀಟಿಯಿಲ್ಲ, ಖಾರಕ್ಕೂ ಇಲ್ಲ.
ಅವೆರಡರಲ್ಲಿ ನಾನೀಗ ಸ್ವತಂತ್ರಳು;
ಅದೇನು ಅಂಥ ದೊಡ್ಡ ಸುಖವಲ್ಲ.

ಒಂದು ರಾತ್ರಿ, ಕರೆಂಟು ಹೋದಾಗ, ಕತ್ತಲಿನಿಂದ:
"ನಿಂಬಿಹಣ್ಣು ಎಷ್ಟಂದಿ?"
"ಎರಡು."
"ಎರಡು ಅಂದ್ರ ಹೆಂಗಿರ್ತಿತ್ತು?"
"ಕೆಂಪಗ."
"ಅದು ಕಣ್ಣಿಗಾತು. ಬಾಯಿಗೆ?"
ಹದಿನಾಲ್ಕು ವರ್ಷ ಅವಳಿಗೆ ಅಡುಗೆ ಮಾಡಿಟ್ಟ ನನಗೆ
ಅದೊಂದನ್ನು ಹೇಳಲು ಬರಲಿಲ್ಲ.

ಭಾನುವಾರ ಸಂಜೆ ಮಂಡಕ್ಕಿ ಒಗ್ಗರಣೆ.
ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ನಾನು ನಿಂಬೆ ಹಿಂಡುತ್ತಿದ್ದೆ.
ಬ್ಲೀಚಿಗೆ ಬಿರಿದ ಬೆರಳ ಸಂದಿಗೆ
ರಸ ನುಗ್ಗಿತು. "ಸ್ಸ್ಸ್..." ಎಂದು
ಹಲ್ಲುಗಳ ನಡುವೆ ಉಸಿರೆಳೆದೆ.

ಎರ್ರೆಮ್ಮನ ಈಳಿಗೆ ನಿಂತಿತು.
ನನ್ನ ಮುಖ ನೋಡಿದಳು, ಹಣ್ಣು ನೋಡಿದಳು,
ಗಂಟಲು ಒಮ್ಮೆ ಮೇಲೇರಿ ಇಳಿಯಿತು.
"ಯವ್ವಾ, ಬಾಯಾಗ ನೀರು ಬಂತಲೇ."

"ರುಚಿ ಬಂತಾ?"
"ರುಚಿ ಎಲ್ಲಿಂದ. ನೀರು ಬಂತು."
ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡು,
ಉಳಿದರ್ಧ ಹಣ್ಣನ್ನು ನನ್ನ ಕೈಯಿಂದ ಕಿತ್ತು
ತಾನೇ ಹಿಂಡಿದಳು, ಬೀಜ ಬಿದ್ದರೂ ಬಿಡದೆ.
ಕೊನೆಯ ಚೀಟಿ ಗಡಿಯಾರದ ಹಿಂದಿತ್ತು.
ಯಾರೂ ಏಳಲಿಲ್ಲ.